ಚಳಿ ಹಿಡಿದ ಫೋಟೋಗಳು

ಈಗ ರಾತ್ರಿ ಹನ್ನೊಂದು ಮುಕ್ಕಾಲು. ಬೆಳಿಗ್ಗೆ ಎಂಟಕ್ಕೆ ಜರ್ಮನಿಯ ನ್ಯೂರೆಂಬರ್ಗಿನ ನಮ್ಮ ಕನ್ನಡಿಗರ ಸುದ್ದಿಪತ್ರ ಪ್ರೆಸ್ಸಿಗೆ ಹೋಗಬೇಕು. ಸಂಪಾದಕೀಯದ ಪುಟ ಮಾತ್ರ ಇನ್ನೂ ಬೆಳ್ಳಗಿದೆ.

ಕ್ರಿಸ್‌ಮಸ್ ಮಾರ್ಕೆಟ್ಟಿನ ಫೋಟೋ ಕಳಿಸಿ ಅಂತ ಗ್ರೂಪಿನಲ್ಲಿ ಕೇಳಿದ್ದೆ. ಅರವತ್ತೆರಡು ಬಂದಿವೆ, ಥ್ಯಾಂಕ್ಸ್. ಅದರಲ್ಲಿ ಗ್ಲೂವೈನ್ ಅನ್ನುವ ಮಸಾಲೆಯ ಬಿಸಿ ವೈನಿನ ಮಗ್ಗಿನವು ಹತ್ತೊಂಬತ್ತು. ಫ್ರೌಯನ್‌ಕಿರ್ಖೆ ಚರ್ಚಿನವು ಇಪ್ಪತ್ತನಾಲ್ಕು. ಸಾಸೇಜು, ಲೇಬ್‌ಕೂಹನ್ ಅನ್ನುವ ಮಸಾಲೆ ಬಿಸ್ಕತ್ತು, ಬಾದಾಮಿ ಹುರಿಯುವ ಬಾಣಲೆ ಎಲ್ಲ ಸೇರಿ ಹನ್ನೆರಡು. ನಮ್ಮ ಜನರ ಮುಖ ಇರುವವು ಏಳೇ ಏಳು. ಆ ಏಳರಲ್ಲಿ ಆರು ಅಲ್ಲಾಡಿವೆ.

ನಿದ್ದೆ ಬಾರದೆ ಎದ್ದು ಬಂದ ಮಗಳು ನನ್ನ ಹೆಗಲ ಮೇಲಿಂದ ಸ್ಕ್ರೀನು ನೋಡಿದಳು. ಆರು ವರ್ಷದವಳು. "ಅಮ್ಮಾ, ಈ ಫೋಟೋಗೆ ಚಳಿ ಆಗ್ತಿದೆ. ನೋಡು, ನಡುಗ್ತಾ ಇದೆ" ಅಂದಳು. ಅದು ನಾನೇ ತೆಗೆದ ಫೋಟೋ ಅಂತ ಅವಳಿಗೆ ಹೇಳಲಿಲ್ಲ.

ಉದ್ಘಾಟನೆಯ ಶುಕ್ರವಾರದ ಫೋಟೋ ಅದು. ನ್ಯೂರೆಂಬರ್ಗಿನಲ್ಲಿ ನಾಲ್ಕು ಚಳಿಗಾಲ ಕಳೆದವರಿಗೆ ಆ ಸಂಜೆ ಗೊತ್ತು. ಐದೂವರೆಗೆ ಚರ್ಚಿನ ಮೇಲಿನ ಗ್ಯಾಲರಿಗೆ ಬಂಗಾರದ ಬಟ್ಟೆ, ಕಿರೀಟ ತೊಟ್ಟ ಕ್ರಿಸ್ಟ್‌ಕಿಂಡ್ ಹುಡುಗಿ, ಅಂದರೆ ಮಾರ್ಕೆಟ್ಟು ಉದ್ಘಾಟಿಸುವವಳು, ಬರುತ್ತಾಳೆ. ಕೆಳಗೆ ಹೌಪ್ಟ್‌ಮಾರ್ಕ್ಟ್ ಚೌಕದ ತುಂಬ ಜನ, ಕಾಲಿಡಲು ಜಾಗ ಇಲ್ಲ. 2019ರಲ್ಲಿ ಆ ಕಿರೀಟ ತೊಟ್ಟವಳು ಬೆನಿಗ್ನಾ ಮುನ್ಸಿ. ಅವಳ ತಂದೆ ಭಾರತದಲ್ಲಿ ಹುಟ್ಟಿದವರು. ಆಗ ಅವಳ ಬಣ್ಣ ನೋಡಿ ಕೆಲವರು ಕೆಟ್ಟದಾಗಿ ಬರೆದರು, ಅದಕ್ಕಿಂತ ಎಷ್ಟೋ ಜಾಸ್ತಿ ಜನ ಅವಳ ಪರ ನಿಂತರು. ಅದಾದ ಮೇಲೆ ಕೊರೊನಾದಿಂದ 2020 ಮತ್ತು 2021 ಎರಡೂ ವರ್ಷ ಮಾರ್ಕೆಟ್ಟೇ ಇರಲಿಲ್ಲ. ಖಾಲಿ ಚೌಕದ ಫೋಟೋ ಒಂದು ನನ್ನ ಹತ್ತಿರ ಇದೆ. ಚೂರೂ ಅಲ್ಲಾಡಿಲ್ಲ. ತಳ್ಳುವವರು ಯಾರೂ ಇರಲಿಲ್ಲ ನೋಡಿ.

ಈ ಸಲ ನನ್ನ ಪಕ್ಕ ನಮ್ಮ ಫೋಟೋ ಸ್ವಯಂಸೇವಕರು ನಿಂತಿದ್ದರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ. ಆರು ವರ್ಷ ನಮ್ಮ ಎಲ್ಲ ಹಬ್ಬದ ಫೋಟೋ ತೆಗೆದವರು ಜನವರಿಯಲ್ಲಿ ಧಾರವಾಡಕ್ಕೆ ವಾಪಸು ಹೊರಟಿದ್ದಾರೆ. "ಹೋಗೋ ಮೊದಲು ಒಂದು ಕ್ಲಾಸು ತಗೊಳ್ರಿ" ಅಂದೆ. ಮಾರ್ಕೆಟ್ಟಿನಲ್ಲೇ ತಗೊಂಡರು, ಕೈಯಲ್ಲಿ ಬಿಸಿ ಮಗ್ಗು ಹಿಡಿದು. ನೆನಪಿದ್ದಷ್ಟು ಬರೆಯುತ್ತೇನೆ.

ಟ್ರೈಪಾಡ್ ಮನೆಯಲ್ಲೇ ಇರಲಿ. ಆ ಜನರ ನಡುವೆ ಮೂರು ಕಾಲು ಬಿಚ್ಚಿದರೆ ಯಾರೋ ಎಡವುತ್ತಾರೆ, ಅವರ ಗ್ಲೂವೈನು ನಮ್ಮ ಜಾಕೆಟ್ಟಿಗೆ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ. ಅಂಗಡಿಯ ಮರದ ಕಂಬಕ್ಕೆ ಹೆಗಲು ಕೊಡಿ. ಉಸಿರು ಬಿಟ್ಟು, ಇನ್ನೊಂದು ಉಸಿರು ತಗೊಳ್ಳುವ ಮೊದಲು ಬಟನ್ ಒತ್ತಿ. ಒಂದಲ್ಲ, ಬಿಡದೆ ಮೂರು ತೆಗೆಯಿರಿ. ಮೊದಲನೆಯದು ಒತ್ತುವಾಗ ಅಲ್ಲಾಡುತ್ತದೆ, ಮೂರನೆಯದು ಬಿಡುವಾಗ. ನಡುವಿನದು ಸಾಮಾನ್ಯವಾಗಿ ಉಳಿಯುತ್ತದೆ. ಫೋನಿನವರು ಮಗ್ಗನ್ನು ಮೇಜಿನ ಮೇಲಿಟ್ಟು ಫೋನನ್ನು ಅದಕ್ಕೆ ಆನಿಸಿ. ಮಗ್ಗಿನ ಫೋಟೋ ತೆಗೆಯುವುದಕ್ಕಿಂತ ಮಗ್ಗಿಗೆ ಇದು ಒಳ್ಳೆಯ ಕೆಲಸ.

ದೊಡ್ಡ ಕ್ಯಾಮೆರಾ ಇರುವವರಿಗೆ: 35 ಅಥವಾ 50 ಮಿಲಿಮೀಟರಿನ ಲೆನ್ಸು, ಬೆಳಕು ಒಳಗೆ ಬಿಡುವ ಅದರ ಬಾಯಿ ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅಂತ ಹೇಳುವ ಐಎಸ್ಒ 3200. ಕಾಳು ಕಾಳಾಗಿ ಬರುತ್ತದೆ ಅಂತ ಹೆದರಬೇಡಿ. ಕಾಳನ್ನು ಆಮೇಲೆ ಒಂದಿಷ್ಟು ಒರೆಸಬಹುದು, ಅಲ್ಲಾಡಿದ್ದನ್ನು ಒರೆಸಲು ಆಗುವುದಿಲ್ಲ. ಇಲ್ಲಿ ಅವರು ಒಂದು ಮಾತು ಹೇಳಿದರು, ನನಗೆ ಅದೇ ಮುಖ್ಯ ಅನ್ನಿಸಿತು. ಈಗಿನ ಕ್ಯಾಮೆರಾಗಳ ಒಳಗಿರುವ ಸ್ಟೆಬಿಲೈಸರ್ ನಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಎದುರಿಗಿರುವ ಮಗುವನ್ನು ಹಿಡಿದು ನಿಲ್ಲಿಸುವುದಿಲ್ಲ. ಚರ್ಚು ಸೆಕೆಂಡಿನ ಎಂಟನೇ ಒಂದು ಭಾಗದಲ್ಲೂ ಚೆನ್ನಾಗಿ ಬರುತ್ತದೆ. ಆರು ವರ್ಷದ ಹುಡುಗಿಗೆ ಸೆಕೆಂಡಿನ ನೂರನೇ ಒಂದು ಭಾಗವಾದರೂ ಬೇಕು. ನೂರು ಯಾಕೆ? ಇಲ್ಲಿಯ ಕರೆಂಟೂ ನಮ್ಮೂರಿನ ಹಾಗೇ 50 ಹರ್ಟ್ಜ್. ದೀಪದ ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಅಗ್ಗದ ಎಲ್ಇಡಿ ಸರಗಳಲ್ಲಿ ಅದು ಜಾಸ್ತಿ. ಅದಕ್ಕಿಂತ ತುಂಬ ಬೇಗ ತೆಗೆದರೆ ಕೆಲವು ಫೋಟೋಗಳ ಮೇಲೆ ಪಟ್ಟೆ ಪಟ್ಟೆ ಬರುತ್ತದೆ. ಅಂಗಡಿಗಳ ಕೆಂಪು ಬಿಳಿ ಪಟ್ಟೆಯ ಬಟ್ಟೆ ಸಾಲದಾ, ಇನ್ನೊಂದು ಪಟ್ಟೆ ಯಾಕೆ?

ಮತ್ತೆ, ಪೂರ್ತಿ ಕತ್ತಲಾಗುವವರೆಗೆ ಕಾಯಬೇಡಿ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆಮೇಲೆ ಅರ್ಧ ಗಂಟೆ ಆಕಾಶ ನೀಲಿ ಶಾಯಿ ಚೆಲ್ಲಿದ ಹಾಗಿರುತ್ತದೆ, ಅಂಗಡಿಯ ಹಳದಿ ದೀಪಗಳು ಅದರ ಮುಂದೆ ಎದ್ದು ಕಾಣುತ್ತವೆ. ಐದರ ಮೇಲೆ ಬರೀ ಕಪ್ಪು. ನಮ್ಮವರು ಆಫೀಸು ಮುಗಿಸಿ ಏಳಕ್ಕೆ ಬರುತ್ತಾರೆ, ಏನು ಮಾಡುವುದು.

ಅವರು ಕ್ಲಾಸು ತಗೊಳ್ಳುತ್ತಿದ್ದಾಗ ನನ್ನ ಮನಸ್ಸು ಶಿರಸಿಗೆ ಹೋಗಿತ್ತು, ಕ್ಷಮೆ ಇರಲಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮಸ್ಕತ್ತಿನಿಂದ ಬಂದ ಮಾವ ಒಂದು ಯಾಶಿಕಾ ಇಲೆಕ್ಟ್ರೋ 35 ಕ್ಯಾಮೆರಾ ತಂದಿದ್ದರು. ಆ ವರ್ಷ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಕೇಳಬೇಕಾ. ದೇವಿ ಬಿಡಕಿ ಬೈಲಿನ ಗದ್ದುಗೆಯಲ್ಲಿ ಕೂತಿದ್ದಾಳೆ. ಸುತ್ತ ತೊಟ್ಟಿಲು, ನಾಟಕ ಕಂಪನಿ, ಮಿಠಾಯಿ ಅಂಗಡಿ, ಧೂಳು. ಮಾವ ಕ್ಯಾಮೆರಾ ನನ್ನ ಕೊರಳಿಗೆ ಹಾಕಿ ಒಂದೇ ಮಾತು ಹೇಳಿದರು: "ಹಳದಿ ದೀಪ ಹತ್ತಿದ್ರೆ ಒತ್ತಡ." ನಮ್ಮ ಕಡೆ ಒತ್ತಡ ಅಂದರೆ ಒತ್ತಬೇಡ. ಬೆಳಕು ಸಾಲದಿದ್ದಾಗ ಆ ಕ್ಯಾಮೆರಾದಲ್ಲಿ ಹಳದಿ ದೀಪ ಬರುತ್ತಿತ್ತು, ಈಗ ಶಟರ್ ನಿಧಾನ, ಕೈ ಅಲ್ಲಾಡುತ್ತದೆ ಅಂತ. ಒಳಗಿದ್ದದ್ದು 100 ಎಎಸ್ಎ ಫಿಲ್ಮು, ಅಂದರೆ ತುಂಬ ಬೆಳಕು ಕೇಳುವಂಥದ್ದು. ರಾತ್ರಿ ಜಾತ್ರೆಯಲ್ಲಿ ಆ ದೀಪ ಆರಲೇ ಇಲ್ಲ. ನಾನು ಒತ್ತದೆ ಬಿಡಲಿಲ್ಲ. ತೊಟ್ಟಿಲು, ಬೊಂಬೆ, ಬೆಂಡು ಬತ್ತಾಸು, ತಮ್ಮನ ಪೀಪಿ, ಎಲ್ಲ ಒತ್ತಿದೆ.

ಬಳೆ ಅಂಗಡಿಯ ಮುಂದೆ ಅಜ್ಜಿ ಕೂತಿದ್ದಳು. ಫೋಟೋ ಅಂದರೆ ಮುಖ ತಿರುಗಿಸುವವಳು. "ಸತ್ತ ಮೇಲೆ ಗೋಡೆಗೆ ಹಾಕೂಕೆ ಒಂದು ಇದ್ದಲೇ, ಸಾಕು" ಅನ್ನುತ್ತಿದ್ದಳು. ಆವತ್ತು ಅವಳಿಗೆ ಏಳಲು ಆಗುವಂತಿರಲಿಲ್ಲ. ಬಳೆಗಾರ ಅವಳ ಬಲಗೈಯನ್ನು ಹಿಡಿದು, ಬೆರಳೆಲ್ಲ ಒಟ್ಟು ಮಾಡಿ ಹಿಚುಕಿ, ಹಸಿರು ಬಳೆಯೊಂದನ್ನು ಗೆಣ್ಣು ದಾಟಿಸುತ್ತಿದ್ದ. ಬಳೆ ಗೆಣ್ಣಿನ ಮೇಲೆ ಸಿಕ್ಕಿಕೊಂಡಿತ್ತು. ಅಜ್ಜಿ ಹಲ್ಲು ಕಚ್ಚಿ ಉಸಿರು ಹಿಡಿದಿದ್ದಳು. ನಾನು ಕ್ಯಾಮೆರಾ ಎತ್ತಿದ್ದನ್ನು ಬಳೆಗಾರ ನೋಡಿದ. "ತಂಗಿ, ಕೈ ಇಲ್ಲಿ ಊರು" ಅಂತ ಗಡ್ಡದಿಂದಲೇ ಬಳೆಯ ಪೆಟ್ಟಿಗೆ ತೋರಿಸಿದ. ಎರಡು ಮೊಣಕೈಯನ್ನೂ ಪೆಟ್ಟಿಗೆಯ ಮೇಲೆ ಊರಿದೆ. ತಲೆಯ ಮೇಲೆ ಗ್ಯಾಸ್‌ಲೈಟು ಸುಯ್ ಅನ್ನುತ್ತಿತ್ತು. ಹಳದಿ ದೀಪ. ಒತ್ತಿದೆ.

ರೋಲು ಹುಬ್ಬಳ್ಳಿಗೆ ಹೋಗಿ ತೊಳೆದು ಬರಲು ಎಂಟು ದಿನ. ಮೂವತ್ತಾರರಲ್ಲಿ ಮೂವತ್ತೈದು ಬರೀ ಬೆಳಕಿನ ಗೀಟುಗಳು. ಮಾವ ಒಂದೊಂದನ್ನೂ ನನ್ನ ಮುಂದೆ ಹಿಡಿದು "ಇದೆಂತದು? ಇದೆಂತದು?" ಅಂತ ಕೇಳಿದರು. ಒಂದು ಬಂದಿತ್ತು. ಅಜ್ಜಿಯ ಮುಖ, ಅವಳ ಬಲಗೈ, ಗೆಣ್ಣಿನ ಮೇಲೆ ನಿಂತ ಬಳೆ, ಕೂದಲೆಳೆ ಎಣಿಸುವಷ್ಟು ಚೊಕ್ಕ. ಬಳೆಗಾರನ ಇನ್ನೊಂದು ಕೈ ಮಾತ್ರ ಹೊಗೆಯ ಹಾಗೆ ಕರಗಿದೆ. ಮುಂದಿನ ಬಳೆಗೆ ಕೈ ಹಾಕುತ್ತಿದ್ದನೋ ಏನೋ. ಅಜ್ಜಿ ಹೋದಾಗ ಗೋಡೆಗೆ ಏರಿದ್ದು ಸ್ಟುಡಿಯೋದ ಫೋಟೋ. ಇದು ನನ್ನ ಜೊತೆ ಇಲ್ಲಿಗೆ ಬಂತು.

ಇದನ್ನು ಧಾರವಾಡದವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಲೇಬ್‌ಕೂಹನ್ ಅಂಗಡಿ ತೋರಿಸಿದರು. ನಮ್ಮವರೇ ಒಬ್ಬರು ದುಡ್ಡು ಕೊಟ್ಟು ಕೈ ಚಾಚಿದ್ದರು, ಅಂಗಡಿಯಾಕೆ ಚಿಲ್ಲರೆಯನ್ನು ಅವರ ಕೈಗೆ ಎಣಿಸಿ ಹಾಕುತ್ತಿದ್ದಳು. ಚಿಲ್ಲರೆ ಎಣಿಸಿ ಮುಗಿಯುವವರೆಗೆ ಇಬ್ಬರೂ ಅಲ್ಲಾಡುವಂತಿಲ್ಲ. ಟಕ್ ಟಕ್ ಟಕ್, ಮೂರು ಫೋಟೋ. ಏಳರಲ್ಲಿ ಅಲ್ಲಾಡದ ಆ ಒಂದು ಫೋಟೋ ಅದೇ, ನಾಲ್ಕನೇ ಪುಟದಲ್ಲಿದೆ. ಹೀಗೆ ನಿಲ್ಲುವ ಹೊತ್ತು ಮಾರ್ಕೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ. ಬನ್ನಿನಲ್ಲಿ ಮೂರು ಸಾಸೇಜು ಇಟ್ಟು ಕೊಡುವಾಗ. ಒಣಗಿದ ಪ್ಲಮ್ಮಿನಿಂದ ಮಾಡಿದ ಗೊಂಬೆಯನ್ನು ಮಗು ಹತ್ತಿರದಿಂದ ದಿಟ್ಟಿಸುವಾಗ. ಶ್ಯೋನರ್ ಬ್ರುನ್ನನ್ ಕಾರಂಜಿಯ ಬಂಗಾರದ ಬಣ್ಣದ ಉಂಗುರ ತಿರುಗಿಸಿ ಮನಸ್ಸಿನಲ್ಲೇ ಏನೋ ಬೇಡಿಕೊಳ್ಳುವಾಗ. ಮಾರ್ಕೆಟ್ಟು 24ರವರೆಗೆ ಇದೆ, ಇನ್ನೊಂದು ಸಲ ಹೋಗಿ ಬನ್ನಿ.

ಒಂದು ಎಚ್ಚರಿಕೆ. ಇಲ್ಲಿ ಇನ್ನೊಬ್ಬರ ಮುಖ ಅಚ್ಚು ಹಾಕಬೇಕಾದರೆ ಅವರ ಒಪ್ಪಿಗೆ ಬೇಕು. 1907ರ ಕಾನೂನು ಈಗಲೂ ಇದೆ. ಅಂಗಡಿಯಾಕೆಯನ್ನು ಕೇಳಿದೆವು, ನಕ್ಕು ಹೂಂ ಅಂದಳು. ಮಕ್ಕಳ ಫೋಟೋ ಕಳಿಸುವವರು ತಂದೆತಾಯಿಯ ಒಪ್ಪಿಗೆಯ ಒಂದು ಸಾಲು ಜೊತೆಗೆ ಕಳಿಸಿ. ಇನ್ನೊಂದು, ಚಳಿಯಿಂದ ಕ್ಯಾಮೆರಾವನ್ನು ಸೀದಾ ಬೆಚ್ಚಗಿನ ಮನೆಯೊಳಗೆ ತೆಗೆಯಬೇಡಿ, ಲೆನ್ಸು ಬೆವರುತ್ತದೆ. ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಒಳಗೆ ಬಂದು ಒಂದು ಗಂಟೆ ಬಿಟ್ಟು ಬಿಚ್ಚಿ.

ಜಾಗ ಮುಗಿಯುತ್ತಿದೆ, ಸೂಚನೆಗಳು ಬೇಗ ಬೇಗ. ಕನ್ನಡ ತರಗತಿಗೆ ಕ್ರಿಸ್‌ಮಸ್ ರಜೆ, ಜನವರಿ 6ರ ನಂತರದ ಶನಿವಾರ ಮತ್ತೆ ಶುರು, ಕಾಗುಣಿತ ಮರೆಯದೆ ಬರೆಸಿ. ಸಂಕ್ರಾಂತಿ ಕೂಟ ಜನವರಿ ಮೂರನೇ ಭಾನುವಾರ, ಎಂದಿನ ಹಾಲಿನಲ್ಲಿ, ಹನ್ನೊಂದಕ್ಕೆ. ಸಕ್ಕರೆ ಅಚ್ಚಿನ ಮರದ ಮಣೆ ಯಾರ ಹತ್ತಿರವಾದರೂ ಇದ್ದರೆ ಒಂದು ವಾರ ಮೊದಲೇ ಕೊಡಿ. ಕೊಬ್ಬರಿ ಹೆಚ್ಚಲು ನಾಲ್ಕು ಜನ ಬೇಕು, ಹೋದ ಸಲ ಇಬ್ಬರೇ ಹೆಚ್ಚಿ ಕೈಯೆಲ್ಲ ಬೊಬ್ಬೆ. ತಟ್ಟೆ, ಲೋಟ ಅವರವರದೇ ತನ್ನಿ. ಸದಸ್ಯತ್ವದ ಹಣ ಈ ತಿಂಗಳ ಕೊನೆಯೊಳಗೆ. ದೀಪಾವಳಿ ಊಟದಲ್ಲಿ ಒಂದು ಸ್ಟೀಲ್ ಡಬ್ಬಿ ಕಾಣೆಯಾಗಿದೆ, ಮುಚ್ಚಳದ ಮೇಲೆ "ಶಿರಸಿ" ಅಂತ ಕೆತ್ತಿದೆ. ಯಾರದು ಅಂತ ಊಹಿಸಿಕೊಳ್ಳಿ.

ಸಂಕ್ರಾಂತಿಯೇ ಅವರ ಕೊನೆಯ ಕಾರ್ಯಕ್ರಮ. ಅದಾದ ಮೇಲೆ ಕ್ಯಾಮೆರಾ ಯಾರು ಹಿಡಿಯುತ್ತಾರೋ ಗೊತ್ತಿಲ್ಲ. ಎರಡು ತಿಂಗಳಿಂದ ಕೇಳುತ್ತಿದ್ದೇನೆ, ಎಲ್ಲರೂ "ನೋಡೋಣ" ಅಂತಿದ್ದಾರೆ. ದೊಡ್ಡ ಕ್ಯಾಮೆರಾ ಬೇಕಿಲ್ಲ, ಫೋನು ಸಾಕು, ಒಂದು ಮೊಣಕೈ ಊರಲು ಜಾಗ ಸಾಕು. ಕರಡು ತಿದ್ದಲು ಕೂಡ ಒಬ್ಬರು ಬೇಕು. ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ. ಹೋದ ಸಂಚಿಕೆಯಲ್ಲಿ "ಅಧ್ಯಕ್ಷರ ಮಾತು" ಎನ್ನುವುದು "ಅಧ್ಯಕ್ಷರ ಮಾತ್ರೆ" ಆಗಿತ್ತು. ಅವರು ದೊಡ್ಡ ಮನಸ್ಸಿನವರು, ಬಚಾವಾದೆ.

ಮುಖಪುಟಕ್ಕೆ ಯಾವ ಫೋಟೋ ಅಂತ ಧಾರವಾಡದವರಿಗೆ ಆರು ಗಂಟೆಗೇ ಮೆಸೇಜು ಹಾಕಿದ್ದೆ. ಚರ್ಚಿನದು ಒಂದು ಬಹಳ ಚೆನ್ನಾಗಿದೆ, ಅವರೇ ತೆಗೆದದ್ದು. ಈಗ ಉತ್ತರ ಬಂತು: "ನಿಮ್ಮ ಮಗಳಿಗೆ ಕೇಳ್ರಿ." ಅವಳು ಸೋಫಾದ ಮೇಲೆ ನಿದ್ದೆ ಹೋಗಿದ್ದಾಳೆ. ಅಲ್ಲಾಡುತ್ತಿಲ್ಲ. ಟೇಬಲ್ ಲ್ಯಾಂಪಿನ ಬೆಳಕು ಕೆನ್ನೆಯ ಮೇಲೆ ಬಿದ್ದಿದೆ, ಫೋನು ಕೈಯಲ್ಲೇ ಇದೆ. ಒಂದು ನಿಮಿಷ ಇರಿ.

ಮುಖಪುಟಕ್ಕೆ ಚಳಿ ಹಿಡಿದ ಫೋಟೋವನ್ನೇ ಹಾಕಿದ್ದೇನೆ. ಪಿಡಿಎಫ್ ಕಳಿಸುತ್ತಿದ್ದೇನೆ. ಆ ಡಬ್ಬಿ ಮರೆಯಬೇಡಿ.