ನೂರೈವತ್ತರ ಗಿಟಾರಿಗೆ ಇನ್ನೂರರ ರಿಪೇರಿ

ಲೈಪ್‌ಜಿಗ್, ಜರ್ಮನಿ
ಫೆಬ್ರವರಿ 8

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಈ ಒಕ್ಕಣೆ ಕಂಡು ನೀವು ನಗುತ್ತೀರಿ ಎಂದು ಗೊತ್ತು. ಭಾನುವಾರ ನೀವು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡಲಾಗಲಿಲ್ಲ. ಅಷ್ಟರಲ್ಲಿ ಅಮ್ಮ ಫೋನು ಕಸಿದುಕೊಂಡು, ಕಾಲುಚೀಲ ಹಾಕಿಕೊಂಡು ಮಲಗುತ್ತೀಯೋ ಇಲ್ಲವೋ ಎಂದು ಶುರು ಮಾಡಿದ್ದಳು. "150 ಯೂರೋದ ಹಳೆಯ ಗಿಟಾರಿಗೆ 200 ಯೂರೋ ಸುರಿಯುವವಳಿಗೆ ಲೆಕ್ಕ ಬರುತ್ತದೆಯೇ?" ಎಂದಿರಿ. ನಿಮ್ಮ ರೇಡಿಯೋ ರಿಪೇರಿ ಅಂಗಡಿಗೆ ಬಂದ ಗಿರಾಕಿಗಳಿಗೂ ನೀವು ಹೀಗೆಯೇ ಹೇಳುತ್ತಿದ್ದಿರಿ: "ಇದಕ್ಕೆ ಹಾಕುವ ದುಡ್ಡಿಗೆ ಹೊಸ ರೇಡಿಯೋ ಬರುತ್ತದೆ ಮಾರಾಯರೇ." ಹಾಗೆಂದು ಅವರನ್ನು ಕಳುಹಿಸಿ, ಸಂಜೆ ಅದೇ ರೇಡಿಯೋವನ್ನು ಬಿಚ್ಚಿಕೊಂಡು ಕೂರುತ್ತಿದ್ದಿರಿ.

ನನ್ನದು ಬೇಸ್ ಗಿಟಾರ್, ದಪ್ಪ ತಂತಿಗಳ, ತಗ್ಗು ಸ್ವರದ ಗಿಟಾರ್. ಅದು ಹುಟ್ಟಿದ ಕಥೆ ನಿಮಗೆ ಹಿಡಿಸುತ್ತದೆ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಎಂಬಾತ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ. 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸ್ ಗಿಟಾರನ್ನು ಮಾರಾಟಕ್ಕೆ ತಂದವನೂ ಅವನೇ. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಆದರೆ ರಿಪೇರಿಯವನ ಬುದ್ಧಿ ಎಲ್ಲಿ ಹೋಗುತ್ತದೆ? ಕತ್ತನ್ನು ಒಡಲಿಗೆ ಅಂಟಿಸದೆ ನಾಲ್ಕು ಸ್ಕ್ರೂ ಹಾಕಿ ಬಿಗಿದ. ಕೆಟ್ಟಿದ್ದನ್ನು ಬಿಚ್ಚಿ ಬೇರೆಯದನ್ನು ಕೂರಿಸಿದರಾಯಿತು. ನನ್ನದು ಅವನ ಕಂಪನಿಯೇ 1960ರಲ್ಲಿ ತಂದ ಜಾಝ್ ಬೇಸಿನ ಅಗ್ಗದ ನಕಲು. ನಕಲಾದರೂ ಸ್ಕ್ರೂಗಳು ನಾಲ್ಕೇ.

ತಂದ ದಿನದಿಂದ ಅದಕ್ಕೊಂದು ರೋಗ, ಗುಂಯ್ ಎನ್ನುವುದು. ತಂತಿಗಳ ಕೆಳಗೆ ಎರಡು ಪಿಕಪ್‌ಗಳಿವೆ, ಎಂದರೆ ತಂತಿಯ ಕಂಪನವನ್ನು ಕರೆಂಟಾಗಿಸುವ, ಅಯಸ್ಕಾಂತದ ಸುತ್ತ ಸುತ್ತಿದ ಕಾಯಿಲ್‌ಗಳು. ಎರಡರ ಸುತ್ತು ಒಂದಕ್ಕೊಂದು ಎದುರು. ಎರಡರ ವಾಲ್ಯೂಮನ್ನೂ ಪೂರ್ತಿ ತೆರೆದರೆ ಒಂದರ ಗುಂಯ್‌ಕಾರವನ್ನು ಇನ್ನೊಂದು ನುಂಗಿಬಿಡುತ್ತದೆ. ಒಂದನ್ನು ತುಸು ತಗ್ಗಿಸಿದಿರೋ, ಜೇನುಹುಟ್ಟು ಎದ್ದಂತೆ. ಗುಂಯ್ ಬರುವುದು ಮನೆಯ ಕರೆಂಟಿನಿಂದ. ಇಲ್ಲಿಯ ಕರೆಂಟೂ ನಮ್ಮಲ್ಲಿಯಂತೆ 50 ಹರ್ಟ್ಸ್, ಎಂದರೆ ಸೆಕೆಂಡಿಗೆ 50 ಕಂಪನ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟಿಲುಗಳಲ್ಲಿ ಮೂರನೆಯದರಲ್ಲಿ ಒತ್ತಿದರೆ ಬರುವ ಸ್ವರ 49 ಹರ್ಟ್ಸ್. ತಂಬೂರಿಯನ್ನು ಅರ್ಧ ಶ್ರುತಿ ಮಾಡಿ ಎದ್ದುಹೋದವರ ಪಕ್ಕದಲ್ಲಿ ಕೂತು ನುಡಿಸಿದ ಹಾಗೆ.

ನಾನು ಮೊದಲು ಮಾಡಿದ್ದು ದಡ್ಡತನ. ಒಳಗಿನ ಗುಳಿಗಳಿಗೆಲ್ಲ ತಾಮ್ರದ ಹಾಳೆ ಅಂಟಿಸಿದೆ. ಒಂದು ಶನಿವಾರ ಪೂರ್ತಿ ಹೋಯಿತು, ಬೆರಳು ಎರಡು ಕಡೆ ಕೊಯ್ದುಕೊಂಡಿತು. ಸದ್ದು ಕಡಿಮೆಯಾಗುವ ಬದಲು ಅದಕ್ಕೆ ಚರಚರ ಎನ್ನುವುದೊಂದು ಸೇರಿಕೊಂಡಿತು. ಆಗ ನೆನಪಾದದ್ದು ನಿಮ್ಮ ಮಾತು: "ಕೈ ಮುಟ್ಟಿದರೆ ಸದ್ದು ಎಲ್ಲಿ ನಿಲ್ಲುತ್ತದೆ ನೋಡು." ತಂತಿ ಮುಟ್ಟಿದರೆ ಏನೂ ಆಗುತ್ತಿರಲಿಲ್ಲ, ವಾಲ್ಯೂಮ್ ಕಂಟ್ರೋಲ್ ಕೂತಿರುವ ಲೋಹದ ತಗಡು ಮುಟ್ಟಿದರೆ ತಗ್ಗುತ್ತಿತ್ತು. ಅಂದರೆ ತಂತಿಗಳನ್ನು ಹೊತ್ತ ಕುದುರೆಯ ಕೆಳಗಿನಿಂದ ಬರುವ ಅರ್ಥ್ ವಯರು ಎಲ್ಲೋ ಕೈಕೊಟ್ಟಿದೆ. ಬಿಚ್ಚಿ ನೋಡಿದರೆ ಡ್ರೈ ಸೋಲ್ಡರ್! ಕಂಟ್ರೋಲಿನ ಬೆನ್ನಿಗೆ ನಾನೇ ಹಾಕಿದ್ದ ಬೆಸುಗೆ, ಮುತ್ತಿನಂತೆ ದುಂಡಗೆ ಕೂತಿತ್ತು, ಉಗುರಿಗೆ ಎದ್ದು ಬಂತು. ಅಷ್ಟು ಲೋಹಕ್ಕೆ ನನ್ನ 25 ವಾಟಿನ ಐರನ್ನಿನ ಕಾವು ಸಾಲದು. ಉಪ್ಪುಕಾಗದದಿಂದ ಬೆನ್ನು ಉಜ್ಜಿ, ರಾಳ ಹಚ್ಚಿ, ದೊಡ್ಡ ಐರನ್ ಕೊಂಡು ಮತ್ತೆ ಹಾಕಿದೆ. ಚರಚರ ಹೋಯಿತು. ಗುಂಯ್ ಹೋಗಲಿಲ್ಲ, ಏಕೆಂದರೆ ಅದು ಬರುವುದು ಅಯಸ್ಕಾಂತದ ದಾರಿಯಿಂದ, ತಾಮ್ರದ ಹಾಳೆಗೆ ಅದು ಬಗ್ಗುವುದಿಲ್ಲ. ಹಾಗಾಗಿ ಪಿಕಪ್‌ಗಳನ್ನೇ ಬದಲಿಸಿದೆ. ಹೊಸದರಲ್ಲಿ ಒಂದೊಂದು ಡಬ್ಬಿಯೊಳಗೂ ಎದುರುಬದುರಾಗಿ ಸುತ್ತಿದ ಎರಡೆರಡು ಕಾಯಿಲ್. ಇನ್ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ನುಂಗಿದ್ದು ಇವೇ. ಈಗ ಆಂಪ್ಲಿಫೈಯರ್ ಹಾಕಿದ್ದು ಮರೆತೇ ಹೋಗುತ್ತದೆ.

ಉಳಿದದ್ದು ಹೆಚ್ಚಾಗಿ ತಂತಿಗಳಿಗೆ. ಚಪ್ಪಟೆ ಲೋಹದ ಪಟ್ಟಿ ಸುತ್ತಿದ ತಂತಿ ಹಾಕಿದ್ದೇನೆ, ಬೆರಳು ಜಾರಿದರೆ ಕೀರಲು ಬರುವುದಿಲ್ಲ. ಮೃದಂಗದ ಎಡಕ್ಕೆ ರವೆ ಮೆತ್ತಿದಾಗ ನಾದ ತುಂಬಿಕೊಳ್ಳುತ್ತದಲ್ಲ, ಅಂಥದ್ದು.

ಅಮ್ಮನಿಗೆ ಹೇಳಿ: ಬೆರಳು ಓಡಾಡುವ ಹಲಗೆ ಬೀಟೆಯದು. ಇಲ್ಲಿ ಇಂಡಿಯನ್ ರೋಸ್‌ವುಡ್ ಎನ್ನುತ್ತಾರೆ. ಅಜ್ಜನ ಮಂಚದ ಕಾಲಿನದೇ ಜಾತಿ. ಮಲೆನಾಡಿನ ಮರಕ್ಕೆ ಜರ್ಮನಿಯ ಹೀಟರ್ ಒಗ್ಗಲಿಲ್ಲವೋ ಏನೋ, ಡಿಸೆಂಬರಿನಲ್ಲಿ ಹಲಗೆ ಒಣಗಿ ಕುಗ್ಗಿ ಮೆಟ್ಟಿಲುಗಳ ತುದಿ ಅಂಚಿನಿಂದ ಹೊರಬಂದು ಅಂಗೈ ಗೀರಲು ಶುರುವಾಯಿತು. ಅತ್ತೆಯ ವೀಣೆಯಾಗಿದ್ದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದಿತ್ತು. ಇಲ್ಲಿ ಮರಕ್ಕೆ ಹೊಡೆದು ಕೂರಿಸಿರುತ್ತಾರೆ. ಸಣ್ಣ ಅರದಿಂದ ಇಪ್ಪತ್ತು ಮೆಟ್ಟಿಲುಗಳ ನಲವತ್ತು ತುದಿ ಉಜ್ಜಿದೆ. ಮುರಿದ ಮಂಚದ ತುಂಡು ಕಳುಹಿಸಲೇ ಎಂದು ಅಮ್ಮ ಕೇಳಿದ್ದಳು. ದಯವಿಟ್ಟು ಬೇಡ. 2017ರಿಂದ ಬೀಟೆ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿದೆ, ಅಪಾಯದಲ್ಲಿರುವ ಗಿಡಮರ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಕಡಿವಾಣ ಹಾಕುವ ಒಪ್ಪಂದ ಅದು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಮುರಿದ ಮಂಚದ ತುಂಡು ವಾದ್ಯವಲ್ಲವಲ್ಲ.

ಇನ್ನೊಂದು ಕೆಲಸ ಬಾಕಿ ಇದೆ. ಟೋನ್ ಕಂಟ್ರೋಲಿಗೆ 0.047 ಮೈಕ್ರೋಫ್ಯಾರಡಿನ ಕಂಡೆನ್ಸರ್ ಬೇಕು. ಹಳೆಯ ಕಾಲದ್ದಾದರೆ ನಾದ ಬೇರೆ ಎಂದು ಇಲ್ಲಿ ವಿಪರೀತ ಬೆಲೆಗೆ ಮಾರುವವರಿದ್ದಾರೆ. ಅಳತೆ ಒಂದೇ ಇದ್ದರೆ ನನ್ನ ಕಿವಿಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ಹೊಸದು ಕೆಲವು ಸೆಂಟುಗಳಿಗೆ ಸಿಗುತ್ತದೆ. ಆದರೂ ಅಟ್ಟದ ಮೇಲೆ ನಿಮ್ಮ ಹಳೆಯ ಬಿಡಿಭಾಗಗಳಿದ್ದ ಆ ಬಿಸ್ಕತ್ತಿನ ಡಬ್ಬ ಇನ್ನೂ ಇದ್ದರೆ ಹುಡುಕಿ, ಮೀಟರಿಗೆ ಹಿಡಿದು ನೋಡಿ, ಎರಡು ತಮ್ಮನ ಕೈಯಲ್ಲಿ ಕಳುಹಿಸಿ. ಕಂಡೆನ್ಸರಿನ ವಯರುಗಾಲು ಕತ್ತರಿಸಬೇಡಿ, ನನಗೆ ಉದ್ದ ಬೇಕು.

ಇತಿ ನಿಮ್ಮ ಮಗಳು