ಗೆಳೆಯನಿಗೊಂದು ಪತ್ರ: ದನಿಯಿಲ್ಲದ ರಾಜ, ಮುಖವಿಲ್ಲದ ಸೀಸರ್

ಪ್ರೀತಿಯ ಗೆಳೆಯಾ,

ಮೂಕಿ ಚಿತ್ರದಲ್ಲಿ ಶೇಕ್ಸ್‌ಪಿಯರ್ ನಾಟಕ ಮಾಡಿದರೆ ಮಾತೇ ಇಲ್ಲವಲ್ಲ, ಇನ್ನೇನು ಉಳಿಯಿತು ಎಂದು ಕೇಳಿದ್ದೀಯ. ಉಳಿಯುತ್ತದೆ ಕಣೋ. ಅದನ್ನು ಹೇಳಲೆಂದೇ ಬರೆಯಲು ಕೂತೆ.

1899ರಲ್ಲಿ ಲಂಡನ್ನಿನ ನಟ ಹರ್ಬರ್ಟ್ ಬೀರ್‌ಬಾಮ್ ಟ್ರೀ ‘ಕಿಂಗ್ ಜಾನ್’ ನಾಟಕ ಆಡಿಸುತ್ತಿದ್ದ. ಅದರ ಕೆಲವು ದೃಶ್ಯಗಳನ್ನು ಕ್ಯಾಮೆರಾ ಮುಂದೆಯೂ ಆಡಿದ. ಈಗ ಉಳಿದಿರುವುದು ರಾಜ ಸಾಯುವ ದೃಶ್ಯ ಮಾತ್ರ, ಅದೂ ಒಂದೆರಡು ನಿಮಿಷದ್ದು. ಬಿಳಿ ನಿಲುವಂಗಿ ತೊಟ್ಟ ರಾಜ ಕುರ್ಚಿಯಲ್ಲಿದ್ದಾನೆ. ಹೊಟ್ಟೆಗೆ ವಿಷ ಬಿದ್ದಿದೆ. ಕೂತಲ್ಲೇ ಒದ್ದಾಡುತ್ತಾನೆ. ಈ ಹೊತ್ತಿಗೆ ನಾಟಕದಲ್ಲಿ ಅವನು, ಚಳಿಗಾಲವೇ ಬಂದು ತನ್ನ ಬಾಯೊಳಗೆ ತಣ್ಣನೆಯ ಬೆರಳು ತೂರಿಸಲಿ ಎಂದು ಬೇಡುತ್ತಾನೆ. ಆ ಮಾತು ನಮಗೆ ಕೇಳುವುದಿಲ್ಲ. ಆದರೆ ಆ ಕಾಲದ ರಂಗನಟರು ಇಡೀ ಮೈಯಲ್ಲಿ ಹೇಗೆ ಅಭಿನಯಿಸುತ್ತಿದ್ದರು ಎಂಬುದು ಕಣ್ಣಿಗೆ ಕಾಣುತ್ತದೆ. ಎಷ್ಟು ವಿಮರ್ಶೆ ಓದಿದರೂ ಅದು ಸಿಗುವುದಿಲ್ಲ, ಅಲ್ವಾ?

1908ರ ‘ದಿ ಟೆಂಪೆಸ್ಟ್’ ಇನ್ನೂ ಜಾಣತನದ್ದು. ನಾಟಕದಲ್ಲಿ ದ್ವೀಪದಲ್ಲಿರುವ ಮಾಂತ್ರಿಕ ಪ್ರಾಸ್ಪೆರೊ ಮಗಳನ್ನು ಕೂರಿಸಿಕೊಂಡು ಹಳೆಯ ಕತೆಯನ್ನೆಲ್ಲ ಬಾಯಲ್ಲೇ ಹೇಳುತ್ತಾನೆ. ಸಿನಿಮಾ ಅಲ್ಲಿಂದಲೇ ಶುರುವಾಗಿ, ಅವರು ದ್ವೀಪಕ್ಕೆ ಬಂದಿದ್ದನ್ನೇ ತೋರಿಸಿಬಿಡುತ್ತದೆ. ಅವನ ಮಾತು ಕೇಳುವ ಮಾಯಾಜೀವಿ ಏರಿಯಲ್ ಕಣ್ಣೆದುರೇ ಮಾಯವಾಗುತ್ತಾಳೆ. ಎಲ್ಲ ಸೇರಿ ಹನ್ನೆರಡು ನಿಮಿಷ!

ರೇಡಿಯೋದ ಪಾಡು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮಾತು ಬಿಟ್ಟರೆ ಏನೂ ಇಲ್ಲ. 1923ರ ಮೇ 28ರಂದು ಬಿಬಿಸಿ ‘ಟ್ವೆಲ್ಫ್ತ್ ನೈಟ್’ ನಾಟಕ ಪ್ರಸಾರ ಮಾಡಿತು. ಹುಡುಗಿ ಹುಡುಗನ ವೇಷ ಹಾಕುವ, ಅವಳಿಗಳನ್ನು ನೋಡಿ ಎಲ್ಲರೂ ಮೋಸಹೋಗುವ ನಾಟಕ ಅದು. ವೇಷವೇ ಕಾಣದ ಕಡೆ ಅದನ್ನು ಆಡಲು ಎಂಥ ಧೈರ್ಯ ಬೇಕು ನೋಡು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅಮೆರಿಕದ ನಟ, ನಿರ್ದೇಶಕ ಆರ್ಸನ್ ವೆಲ್ಸ್‌ನ ‘ಜೂಲಿಯಸ್ ಸೀಸರ್’. 1937ರಲ್ಲಿ ನ್ಯೂಯಾರ್ಕ್‌ನ ರಂಗದ ಮೇಲೆ ಅವನು ಸೀಸರನ ಕಡೆಯವರಿಗೆ ಫ್ಯಾಸಿಸ್ಟರ ಸಮವಸ್ತ್ರ ತೊಡಿಸಿದ್ದ. ಮರುವರ್ಷ ಸೆಪ್ಟೆಂಬರ್ 11ಕ್ಕೆ ಅದೇ ನಾಟಕ ರೇಡಿಯೋಗೆ ಬಂತು. ಸಮವಸ್ತ್ರ ಯಾರಿಗೆ ಕಾಣಬೇಕು? ವೆಲ್ಸ್ ಒಬ್ಬ ನಿಜವಾದ ಸುದ್ದಿ ವಿಶ್ಲೇಷಕನನ್ನು ಕರೆದುಕೊಂಡು ಬಂದ. ಎಚ್. ವಿ. ಕಾಲ್ಟನ್‌ಬಾರ್ನ್ ದೃಶ್ಯಗಳ ನಡುವೆ, ಸೀಸರನ ಜೀವನಚರಿತ್ರೆ ಬರೆದ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕನ ಸಾಲುಗಳನ್ನು ಸುದ್ದಿಯ ಧಾಟಿಯಲ್ಲೇ ಓದಿದ. ಅದೇ ತಿಂಗಳು ಹಿಟ್ಲರ್ ಚೆಕೊಸ್ಲೊವಾಕಿಯಾದ ಮೇಲೆ ಕಣ್ಣು ಹಾಕಿದ್ದ. ಆ ಸುದ್ದಿಯನ್ನು ಅಮೆರಿಕದ ಮನೆಮನೆಗೆ ಮುಟ್ಟಿಸುತ್ತಿದ್ದುದೂ ಇದೇ ದನಿ. ಕೇಳಿದವರ ಎದೆ ಹೇಗೆ ಹೊಡೆದುಕೊಂಡಿರಬೇಕು! ಸಮವಸ್ತ್ರ ಮಾಡಬೇಕಿದ್ದ ಕೆಲಸವನ್ನು ಒಂದು ದನಿ ಮಾಡಿತು.

ಅದರ ರೆಕಾರ್ಡಿಂಗ್ ಈಗಲೂ ಇದೆ. ಕೆಲಸದ ನಡುವೆ ಸುಮ್ನೆ ಹಾಕಿಕೊಂಡು ಕೇಳಬೇಡ, ಬಿಡುವು ಮಾಡಿಕೊಂಡು ಕೂತು ಕೇಳು. ಸೀಸರನನ್ನು ಕೊಲ್ಲುವವರಲ್ಲಿ ಒಬ್ಬನಾದ ಬ್ರೂಟಸ್ ಆಗಿರುವುದು ವೆಲ್ಸ್‌ನೇ. ಆಮೇಲೆ ಜನರ ಮುಂದೆ ಸೀಸರನ ಗೆಳೆಯ ಆಂಟನಿ ಮಾಡುವ ಭಾಷಣ ನಿನ್ನನ್ನು ಯಾರ ಕಡೆಗೆ ಎಳೆಯಿತು ಅಂತ ತಪ್ಪದೆ ಬರೆ.

ನಿನ್ನ ಗೆಳೆಯ