ತಂಡ ಕಟ್ಟುವುದಷ್ಟೇ ಆಟದ ಪಾಠವಲ್ಲ

ಮಾನ್ಯರೇ,

2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದೈಹಿಕ ಶಿಕ್ಷಣಕ್ಕೆ ಉಳಿದ ವಿಷಯಗಳ ಸಾಲಿನಲ್ಲೇ ಜಾಗ ಕೊಟ್ಟಿದೆ. ಆದರೆ ಮೈದಾನದಲ್ಲಿ ಮಕ್ಕಳು ಏನು ಕಲಿಯುತ್ತಾರೆ ಎಂಬುದು ನಿಂತಿರುವುದು ಮೇಷ್ಟ್ರಿಗೆ ಯಾವ ಆಟ ಗೊತ್ತು, ಆಟದ ಪಿರಿಯಡ್ ಯಾತಕ್ಕೆಂದು ಅವರು ನಂಬಿದ್ದಾರೆ ಎಂಬುದರ ಮೇಲೆ. ವಾಲಿಬಾಲ್ ಆಡಿ ಬಂದವರಿದ್ದ ಕಡೆ ವರ್ಷವಿಡೀ ನೆಟ್ ಕಟ್ಟಿರುತ್ತದೆ, ಬೇರೆ ಪಾಠಗಳು ಪುಸ್ತಕದಲ್ಲೇ ಉಳಿಯುತ್ತವೆ.

ಖೊಖೊವನ್ನೇ ನೋಡಿ. ತಾಲ್ಲೂಕಿಗೆ ಟೀಮ್ ಕಳಿಸುವುದೇ ಕೆಲಸವೆಂದುಕೊಂಡವರು 45 ಮಕ್ಕಳ ತರಗತಿಗೂ 27×16 ಮೀಟರಿನ ಪೂರ್ಣ ಅಂಕಣ ಹಾಕಿಸುತ್ತಾರೆ. ಅಟ್ಟುವ ತಂಡದವರು 9, ಓಡುವವರು 3. ಉಳಿದ 33 ಮಕ್ಕಳು ಮರದ ಕೆಳಗೆ. ಎಲ್ಲರೂ ಓಡಬೇಕೆಂದು ನಂಬಿದವರು ಅದೇ ಜಾಗವನ್ನು ಅಡ್ಡಕ್ಕೆ ಮೂರು ಮಾಡುತ್ತಾರೆ, ಡಿಕ್ಕಿಯಾಗದಂತೆ ನಡುವೆ ಒಂದೊಂದು ಮೀಟರ್ ಬಿಟ್ಟು. ಕಂಬ ಬೇಡ, ಸುಣ್ಣದ ವೃತ್ತ ಸಾಕು. ಪ್ರತಿ ಅಂಕಣದಲ್ಲಿ ಆರು ಮಂದಿ ಕೂರುತ್ತಾರೆ, ಒಬ್ಬರು ಅಟ್ಟುತ್ತಾರೆ, ಇಬ್ಬರು ಓಡುತ್ತಾರೆ. ಇನ್ನುಳಿದ ಆರರಲ್ಲಿ ಇಬ್ಬರು ಅಂಪೈರ್, ಒಬ್ಬರು ಸಮಯಕ್ಕೆ, ಒಬ್ಬರು ಫೌಲ್ ಬರೆಯಲು, ಇಬ್ಬರು ಮುಂದಿನ ಓಟಕ್ಕೆ. ಎರಡು ನಿಮಿಷಕ್ಕೊಮ್ಮೆ ಸರದಿ ಬದಲು.

ಚೆನ್ನಾಗಿ ಆಡಬಲ್ಲವರೆಲ್ಲ ಕಲಿಸಬಲ್ಲರು ಎಂಬುದೂ ತಪ್ಪು. ಖೋ ಸಿಕ್ಕ ಹುಡುಗಿ ಎದ್ದ ಕೂಡಲೇ, ಅಟ್ಟುವ ತಂಡ ಸಾಲಾಗಿ ಕೂರುವ ನಡುಪಟ್ಟಿ ದಾಟಿ ಫೌಲ್ ಆಗುತ್ತಾಳೆ. "ಬೇಗ ಏಳು" ಎಂದು ಕೂಗಿದರೆ ಇನ್ನೂ ಹೆಚ್ಚಾಗುತ್ತದೆ. ದೋಷ ಇರುವುದು ಕೂರುವ ಭಂಗಿಯಲ್ಲಿ: ಪಾದ ಪೂರ್ತಿ ಊರಿ ಕೂತವಳು ಏಳುವಾಗ ಭಾರ ಹಿಂದಕ್ಕೆ ವಾಲಿ, ಸರಿಪಡಿಸಿಕೊಳ್ಳಲು ಒಂದು ಹೆಜ್ಜೆ ತಪ್ಪು ಕಡೆ ಇಡುತ್ತಾಳೆ. ಹಿಮ್ಮಡಿ ಎತ್ತಿ, ಮುಂಗಾಲಿನ ಮೇಲೆ ಭಾರ ಹಾಕಿ, ಬೆರಳು ನೆಲಕ್ಕೆ ತಾಗಿಸಿ ಕೂರುವುದನ್ನು ಮೊದಲು ಓಟಗಾರರೇ ಇಲ್ಲದೆ ಹತ್ತು ಸಲ ಮಾಡಿಸಬೇಕು. ಆಮೇಲೆ ಬೆನ್ನು ಮುಟ್ಟುವುದೂ "ಖೋ" ಎನ್ನುವುದೂ ಒಟ್ಟಿಗೇ ಆಗುವಂತೆ ನಡೆದುಕೊಂಡೇ ಅಭ್ಯಾಸ. ಓಟ ಕೊನೆಗೆ. ಕೂಗಿದ ಮೇಲೆ ಮುಟ್ಟುವ ತಪ್ಪು ಬರುವುದೇ ವೇಗ ಮೊದಲು ಬಂದಾಗ.

ಇನ್ನು ತಪ್ಪಿಗೆ ಗ್ರೌಂಡ್ ಸುತ್ತಿಸುವ ಶಿಕ್ಷೆ. ಓಟ ಎಂದರೆ ದಂಡನೆ ಎಂದು ಮಕ್ಕಳಿಗೆ ಕಲಿಸುವುದು ಅದೇ, ದಯವಿಟ್ಟು ನಿಲ್ಲಿಸಿ.

ಶಿಕ್ಷಕರ ಕಾರ್ಯಾಗಾರಗಳಲ್ಲಿ ನಿಯಮ ತಿದ್ದುಪಡಿ ಓದಿ ಹೇಳಿದರೆ ಸಾಲದು. 45 ಮಕ್ಕಳು, ಒಂದೇ ಚೆಂಡು, 40 ನಿಮಿಷ ಕೊಟ್ಟು ಪಾಠ ಮಾಡಿಸಿ. ಹಿಂದಿನ ಸಾಲಿನ ಒಂದು ಮಗುವನ್ನು ಗುರುತಿಟ್ಟುಕೊಂಡು, ಅದು ಎಷ್ಟು ನಿಮಿಷ ಆಟದಲ್ಲಿತ್ತು ಎಂದು ಗಡಿಯಾರ ಹಿಡಿದು ಬರೆಯಿರಿ. ಆ ಅಂಕಿಯನ್ನು ಮುಂದಿಟ್ಟುಕೊಂಡೇ ವರ್ಷದ ಪಾಠಯೋಜನೆಯ ಚರ್ಚೆ ಶುರುವಾಗಲಿ.

– ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, ಹಾವೇರಿ ಜಿಲ್ಲೆ